ಬಾಣಂತಿ ಹುಳದ ಗಂಡು

ಕಾಲಿ ನಗರ
೧೨ ಫೆಬ್ರವರಿ ೨೦೦೩

ದೋನ್ ಸತುರ್ನಿನೊ ಹಿನೆಸ್ತ್ರೋಸ ಅವರಿಗೆ,

ಈ ಪತ್ರ ಬರೆಯುತ್ತಿರುವುದು ಕೆಲಸದ ಕಾರಣಕ್ಕೆ. ಅದನ್ನು ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಸುಲಭ.

ನಾನು ಇಲ್ಲಿಯ ಒಂದು ವಸ್ತುಸಂಗ್ರಹಾಲಯದಲ್ಲಿದ್ದೇನೆ. ಹಳೆಯ ಶೀಷೆಗಳನ್ನು ತೆರೆದು, ಒಳಗಿರುವ ಜೀವಿಗೆ ಹೆಸರಿದೆಯೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ಕಳೆದ ನವೆಂಬರಿನಲ್ಲಿ ೪೪೧೭ನೇ ಶೀಷೆ ತೆರೆದೆ. ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿತ್ತು: ‘ಗ್ವಾರಾಲ್ ನದಿ, ಪುಂತಾ ಮಾನ್ಸಾದ ಮೇಲ್ಭಾಗ, ನವೆಂಬರ್ ೧೯೭೪. ಸಹಾಯಕ: ಎಸ್. ಹಿನೆಸ್ತ್ರೋಸ.’ ಆ ನದಿಯಲ್ಲಿ ಆ ಹೆಸರಿನ ಇನ್ನೊಬ್ಬರಿಲ್ಲ.

ಒಳಗೆ ಒಂದು ಮಣ್ಣಿನ ಗೂಡು, ಆರು ಹುಳ. ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಊರಿನಲ್ಲಿ ಬಾಣಂತಿ ಹುಳ ಎನ್ನುತ್ತಿದ್ದೆವು. ಬಟಾಣಿ ಕಾಳಿನಷ್ಟು ಮೈ, ಎಂಟು ನೀಳ ಕಾಲು, ಜೇಡದಂತೆ ಕಂಡರೂ ಬಲೆಯಿಲ್ಲ, ವಿಷವಿಲ್ಲ. ಮರಕ್ಕೆ ಅಂಟಿಸಿದ ಮಣ್ಣಿನ ಬಟ್ಟಲಿನಲ್ಲಿ ಮೊಟ್ಟೆಗಳ ನಡುವೆ ಕದಲದೆ ಕೂತಿರುತ್ತದೆ. ಅದಕ್ಕೆ ವಿಜ್ಞಾನದಲ್ಲಿ ಈವರೆಗೆ ಹೆಸರಿಲ್ಲ. ಹೆಸರಿಡಬೇಕೆಂದರೆ ಗಂಡು ಬೇಕು. ಈ ಮನೆತನದ ಹೆಣ್ಣುಗಳೆಲ್ಲ ಒಂದೇ ಥರ. ಗಂಡನ್ನು ನೋಡಿಯೇ ಯಾವುದು ಯಾವುದರ ನೆಂಟ ಎಂದು ಹೇಳಲು ಸಾಧ್ಯ. ಶೀಷೆಯಲ್ಲಿರುವ ಆರೂ ಹೆಣ್ಣು. ಅಂದಿನ ಪ್ರೊಫೆಸರರ ದಿನಚರಿಯಲ್ಲಿ ಒಂದು ಸಾಲಿದೆ: ‘ಗೂಡಿನ ಮೇಲೆ ಕೂತಿದ್ದದ್ದು ಸಹಾಯಕನ ಕೈಯಲ್ಲಿ ಕಳೆದುಹೋಯಿತು.’

ಗೂಡಿನ ಮೇಲೆ ಕೂರುವುದೇ ಗಂಡು. ನನಗೆ ಅದು ಒಂದು ಬೇಕು. ಸೆಪ್ಟೆಂಬರ್ ಕೊನೆಯೊಳಗೆ ಸಿಗದಿದ್ದರೆ ಈ ಲೇಖನ ನಿಲ್ಲುತ್ತದೆ, ಲೇಖನ ನಿಂತರೆ ಡಿಸೆಂಬರಿಗೆ ನನ್ನ ಕೆಲಸವೂ ನಿಲ್ಲುತ್ತದೆ. ನದಿಯ ಮೇಲಕ್ಕೆ ಹೊರಗಿನವರು ಹೋಗುವುದು ಈಗ ಕ್ಷೇಮವಲ್ಲವೆಂದು ಇಲ್ಲಿ ಹೇಳುತ್ತಾರೆ. ಆದ್ದರಿಂದ ಮೂರು ಖಾಲಿ ಶೀಷೆಗಳನ್ನು ಸರಕು ದೋಣಿಯವರ ಕೈಯಲ್ಲಿ ಕಳುಹಿಸಿದ್ದೇನೆ. ಸ್ಪಿರಿಟ್ ತುಂಬಿ, ಹುಳ ಹಾಕಿ, ಬಿರಟೆ ಭದ್ರಪಡಿಸಿದರೆ ಸಾಕು.

ಅಮ್ಮ ೨೦೦೧ರ ಆಗಸ್ಟಿನಲ್ಲಿ ತೀರಿಕೊಂಡರು. ನಿಮಗೆ ತಿಳಿಸಿರಲಿಲ್ಲ.

ಇತಿ,
ದೆಯಾನಿರಾ ಹಿನೆಸ್ತ್ರೋಸ


ಪುಂತಾ ಮಾನ್ಸಾ
೯ ಮಾರ್ಚ್ ೨೦೦೩

ದೆಯಾನಿರಾ,

ಈ ಅಕ್ಷರ ನನ್ನದು, ಫಿದೆಲಿನಾಳದು. ನಿನ್ನ ಜ್ಞಾನತಾಯಿ. ಜ್ಞಾನಸ್ನಾನದಲ್ಲಿ ನಿನ್ನನ್ನು ಎತ್ತಿಕೊಂಡವಳು, ಅದಕ್ಕೇ ನಿನ್ನ ಅಪ್ಪನಿಗೆ ನಾನು ಕೊಮಾದ್ರೆ. ನಿನ್ನನ್ನು ಹೊಟ್ಟೆಯಿಂದ ಈಚೆಗೆ ಎಳೆದ ಸೂಲಗಿತ್ತಿಯೂ ನಾನೇ. ನಿನ್ನ ಅಪ್ಪ ಓದಬಲ್ಲ, ಆದರೆ ಬರೆಯುವುದು ದೋಣಿ ಕೆತ್ತಿದ ಹಾಗೆ, ಒಂದು ಅಕ್ಷರಕ್ಕೆ ಒಂದು ಹೊತ್ತು. ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ. ಅವನು ಹೇಳದ್ದನ್ನೂ ಬರೆಯುತ್ತೇನೆ.

ನಿನ್ನ ಪತ್ರ ಓದಿ ಮೊದಲು ನಕ್ಕ. “ಬಾಣಂತಿ ಗಂಡಂತೆ, ಕೊಮಾದ್ರೆ! ಓದಿ ಓದಿ ಹುಡುಗಿ ತಲೆ ತಿರುಗಿದೆ.”

“ತಿರುಗಿದ್ರೆ ನಿನ್ನ ಮಗಳೇ ಬಿಡು,” ಎಂದೆ. “ಮುಂದೆ ಓದು.”

ಮುಂದೆ ಓದಿದ. ಕೊನೆಯ ಸಾಲಿಗೆ ಬಂದು ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಕೊಡಲಿಗೆ ಸಾಣೆ ಹಿಡಿಯಲು ಕೂತ. ಚೆನ್ನಾಗಿಯೇ ಹರಿತವಿದ್ದ ಕೊಡಲಿ ಅದು.

ಮರುದಿನ ಬಂದು, “ಓಫೆಲಿಯಾಗೆ ಒಂಬತ್ತು ದಿನದ ಪ್ರಾರ್ಥನೆ ಮಾಡ್ಬೇಕು,” ಎಂದ. ಸತ್ತು ಒಂದೂವರೆ ವರ್ಷವಾದವಳಿಗೆ ಎಲ್ಲಿಯ ಒಂಬತ್ತು ದಿನ ಎಂದು ಊರಿನಲ್ಲಿ ಕೇಳಿದವರಿದ್ದಾರೆ. ಆದರೂ ಮಾಡಿದೆವು. ಬಿಳಿ ಬಟ್ಟೆ ಹಾಸಿ, ಕಾಗದದ ಹೂ ಕಟ್ಟಿ, ಒಂಬತ್ತು ಸಂಜೆ ನಾನೇ ಹಾಡಿದೆ. ಗಂಟಲು ಇನ್ನೂ ಬಿದ್ದುಹೋಗಿದೆ.

ಇನ್ನು ಅವನ ಮಾತು: “ಶೀಷೆಗಳು ಬಂದು ತಲುಪಿದವು. ಒಂದು ಒಡೆದಿತ್ತು. ಹುಳವನ್ನು ಹುಡುಕುತ್ತೇನೆ. ಮಳೆ ಬಿದ್ದ ಮೇಲೆ ಗೂಡು ಕಟ್ಟುತ್ತವೆ, ಈಗಲ್ಲ. ನಿನ್ನ ಅಮ್ಮನಿಗೆ ಕೊನೆಗೆ ಊಟ ಸೇರುತ್ತಿತ್ತೇ? ಅದೊಂದು ತಿಳಿಸು.”

‘ಹೊರಗಿನವರು’ ಎಂದು ಬರೆದಿದ್ದೀಯಲ್ಲ, ಅದು ಯಾರು? ನಿನ್ನ ಹೊಕ್ಕುಳಬಳ್ಳಿ ಹೂತಿರುವ ತೆಂಗಿನ ಮರ ನನ್ನ ಅಡುಗೆಮನೆಯ ಹಿಂದೆಯೇ ಇದೆ. ಈ ವರ್ಷ ಕಾಯಿ ಚೆನ್ನಾಗಿ ಹಿಡಿದಿದೆ.

ನಿನ್ನ ಅಪ್ಪ ಸತುರ್ನಿನೊ,
ಅವನ ಕೈ ಫಿದೆಲಿನಾ


ಕಾಲಿ ನಗರ
೨ ಏಪ್ರಿಲ್ ೨೦೦೩

ದೋನ್ ಸತುರ್ನಿನೊ ಅವರಿಗೆ,

ಊಟ ಸೇರುತ್ತಿರಲಿಲ್ಲ. ಕೊನೆಯ ವಾರ ತೆಂಗಿನ ಹಾಲಿನ ಅನ್ನ ಕೇಳಿದರು. ಮಾಡಿಕೊಟ್ಟೆ. ಎರಡು ಚಮಚ ತಿಂದು, ಇಲ್ಲಿಯ ತೆಂಗಿಗೆ ರುಚಿಯಿಲ್ಲ ಎಂದರು.

ಗಂಡೆಂಬುದು ನನ್ನ ತಲೆ ತಿರುಗಿ ಹುಟ್ಟಿದ ಮಾತಲ್ಲ. ನಮ್ಮ ಹುಳದ ಒಂದು ನೆಂಟ ಪನಾಮದ ಕಾಡಿನಲ್ಲಿದೆ. ಅದನ್ನು ಹಗಲೂ ಇರುಳೂ ಕೂತು ನೋಡಿದವರಿದ್ದಾರೆ. ಗಂಡು ಗೂಡು ಕಟ್ಟುತ್ತದೆ. ಹೆಣ್ಣು ಬಂದು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಕಾಯುವುದು ಗಂಡು. ಇನ್ನೊಂದು ನೆಂಟ ಒಳನಾಡಿನ ಬೆಟ್ಟಗಳಲ್ಲಿದೆ. ಅದು ಮೊಟ್ಟೆ ಕಾಯುತ್ತದೆ, ಆದರೆ ಗೂಡು ಕಟ್ಟುವುದಿಲ್ಲ. ನಮ್ಮದು ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ? ಗೂಡು ಕಟ್ಟುವ ವಿದ್ಯೆ ಎಲ್ಲರಿಗೂ ಒಬ್ಬ ಹಿರಿಯನಿಂದ ಬಂದು ಕೆಲವರು ಬಿಟ್ಟರೋ, ಅಥವಾ ಬೇರೆ ಬೇರೆ ಕಡೆ ತಾವೇ ಕಲಿತರೋ? ನನ್ನ ಲೇಖನದ ಪ್ರಶ್ನೆ ಇಷ್ಟೆ. ನಿಮ್ಮ ನದಿಯ ಒಂದು ಗಂಡು ಅದಕ್ಕೆ ಉತ್ತರ ಹೇಳುತ್ತದೆ.

ಒಂದು ವಿಷಯ ಕೇಳಬೇಕಿದೆ. ೧೯೭೪ರಲ್ಲಿ ಆ ಗಂಡು ಹೇಗೆ ಕಳೆದುಹೋಯಿತು? ಓಡಿಹೋಯಿತೇ, ನೀರಿಗೆ ಬಿತ್ತೇ? ದಾಖಲೆಗೆ ಬೇಕು.

ಜ್ಞಾನತಾಯಿಗೆ ನನ್ನ ನಮಸ್ಕಾರ.

ದೆಯಾನಿರಾ


ಪುಂತಾ ಮಾನ್ಸಾ
೨೦ ಮೇ ೨೦೦೩

ಮಗಳೇ,

(ಹೀಗೆ ಬರೆ ಎಂದ. ಬರೆದಿದ್ದೇನೆ. ಫಿ.)

ಏಪ್ರಿಲಿನಲ್ಲಿ ಚಂದ್ರ ಕರಗುತ್ತಿದ್ದಾಗ ಒಂದು ಚಾಚಾಹೊ ಮರ ಕಡಿದೆ. ಬೆಳೆಯುವ ಚಂದ್ರನಲ್ಲಿ ಕಡಿದರೆ ಹುಳ ಹಿಡಿಯುತ್ತದೆ. ಕೆಳಗಿನೂರಿನ ನಿಕಾನೋರ್‌ನ ದೋಣಿಗೆಂದು ಕಡಿದ ಮರ, ನೇರ, ಗಂಟಿಲ್ಲದ್ದು. ಕಡಿದ ಮರವನ್ನು ಹಸಿಯಿರುವಾಗಲೇ ಕೊರೆದುಬಿಡಬೇಕು. ಬಿಟ್ಟರೆ ಸೀಳುತ್ತದೆ. ಮಳೆಗೆ ನಾಲ್ಕು ದಿನ ಹೋಗಲಾಗಲಿಲ್ಲ. ಐದನೆಯ ದಿನ ಹೋಗಿ ನೋಡಿದರೆ ದಿಮ್ಮಿಯ ಪಕ್ಕೆಯಲ್ಲಿ ಅದು ಗೂಡು ಕಟ್ಟುತ್ತಿದೆ.

ಬಾಯಲ್ಲಿ ಮಣ್ಣು ತರುತ್ತದೆ. ಸಾಸಿವೆಯಷ್ಟು. ಅದನ್ನು ತೊಗಟೆಯ ಚೂರಿನ ಜೊತೆ ಅಗಿದು, ಇಟ್ಟು, ಕಾಲಿನಿಂದ ತಟ್ಟುತ್ತದೆ. ನಾನು ನಲವತ್ತು ವರ್ಷ ಮರ ಕೆತ್ತಿದ್ದೇನೆ, ಅಷ್ಟು ಸಮನಾದ ಅಂಚು ನನಗೆ ಬಂದಿಲ್ಲ. ಮೂರನೆಯ ದಿನ ಇನ್ನೊಂದು ಬಂತು. ಕಾಲಿನಿಂದ ಕಾಲು ಮುಟ್ಟಿ ತಡವಿಕೊಂಡವು. ಬಂದದ್ದು ಮೊಟ್ಟೆಯಿಟ್ಟು ಹೋಯಿತು. ಕೂತಿದ್ದದ್ದು ಕೂತೇ ಇದೆ. ಇರುವೆ ಬಂದರೆ ಕಚ್ಚಿ ಎತ್ತಿ ಅಂಚಿನಾಚೆ ಬಿಸಾಡುತ್ತದೆ. ಮೊಟ್ಟೆಯ ಮೇಲೆ ಬಿಳಿ ಬೂಷ್ಟು ಕಂಡರೆ ಬಾಯಿಂದ ಕೀಳುತ್ತದೆ. ಊಟಕ್ಕೆಂದು ಒಮ್ಮೆಯೂ ಎದ್ದುಹೋದದ್ದನ್ನು ನೋಡಲಿಲ್ಲ. ನೀನು ಹೇಳಿದ್ದು ನಿಜ. ಅದು ಗಂಡು.

ಶೀಷೆ ತೆಗೆದುಕೊಂಡು ಹೋಗಿದ್ದೆ. ತಿರುಗಿ ತಂದೆ. ಮೂವತ್ತೊಂದು ಮೊಟ್ಟೆ ಇವೆ. ಅವು ಒಡೆಯುವವರೆಗೆ ತಾಳು. ಮರವನ್ನೂ ಕೊರೆದಿಲ್ಲ, ಕೊಡಲಿ ಬಿದ್ದರೆ ಮಣ್ಣು ಉದುರುತ್ತದೆ.

ನಿನ್ನ ಅಪ್ಪ

ಫಿದೆಲಿನಾ ಸೇರಿಸಿದ್ದು: ಗಂಡೇ ಎಂದು ಗೊತ್ತಾದ ದಿನದಿಂದ ಇವನು ದಿನಕ್ಕೆರಡು ಬಾರಿ ಕಾಡಿಗೆ ಹೋಗಿ ಆ ದಿಮ್ಮಿಯ ಮುಂದೆ ಕೂರುತ್ತಾನೆ. ನಿನ್ನ ೧೯೭೪ರ ಪ್ರಶ್ನೆಯನ್ನು ಓದಿ ಹೇಳಿದೆ. “ಅದನ್ನ ಬಿಡು,” ಎಂದ. ನಿಕಾನೋರ್ ಬಂದು, “ಮಾವ, ನನ್ನ ದೋಣಿ ಎಲ್ಲಿ?” ಎಂದರೆ, “ಬಾಣಂತಿ ಎದ್ದ ಮೇಲೆ,” ಎನ್ನುತ್ತಾನೆ. ನಿಕಾನೋರ್ ನನ್ನ ಮುಖ ನೋಡುತ್ತಾನೆ. ಈ ವಯಸ್ಸಿನಲ್ಲಿ ಯಾರನ್ನು ಬಾಣಂತಿ ಮಾಡಿದ ಎಂದು ಊರೆಲ್ಲ ನಗೆ.


ಕಾಲಿ ನಗರ
೧೫ ಜೂನ್ ೨೦೦೩

ದೋನ್ ಸತುರ್ನಿನೊ ಅವರಿಗೆ,

ನೀವು ನೋಡಿ ಬರೆದದ್ದೆಲ್ಲ ಸರಿಯಾಗಿದೆ. ನನ್ನ ಜೊತೆಗಿರುವವರೂ ಇಷ್ಟು ಸ್ಪಷ್ಟವಾಗಿ ಬರೆಯುವುದಿಲ್ಲ. ಆದರೆ ನನಗೆ ಬೇಕಾದದ್ದು ವರ್ಣನೆಯಲ್ಲ.

ಗಂಡು ಒಂದೇ ಬಾರಿ ಮೊಟ್ಟೆ ಕಾಯುವುದಿಲ್ಲ. ಈ ಮೂವತ್ತೊಂದು ಒಡೆಯುವ ಮೊದಲೇ ಮತ್ತೊಂದು ಹೆಣ್ಣು ಬರುತ್ತದೆ. ಅದರ ಮೊಟ್ಟೆ, ಆಮೇಲೆ ಇನ್ನೊಂದರದು. ಮಳೆ ಮುಗಿಯುವವರೆಗೆ ಹೀಗೇ. ನೀವು ಕಾಯುತ್ತೀರಿ, ನನ್ನ ಸೆಪ್ಟೆಂಬರ್ ಮುಗಿಯುತ್ತದೆ. ಒಂದನ್ನು ತೆಗೆದರೆ ಒಂದು ಗೂಡು ಹೋಗುತ್ತದೆ, ನಿಜ. ಆ ನದಿಯಲ್ಲಿ ಸಾವಿರ ಗೂಡುಗಳಿವೆ. ಹೆಸರಿಲ್ಲದ ಜೀವಿಯ ಕಾಡನ್ನು ನಾಳೆ ಯಾರಾದರೂ ಕಡಿದರೆ, ಏನು ಹೋಯಿತೆಂದು ಹೇಳುವುದಕ್ಕೂ ಒಂದು ಶಬ್ದ ಇರುವುದಿಲ್ಲ.

ಕಾಯುವುದು ನಿಮಗೆ ಒಗ್ಗಿದ ಕೆಲಸವಿರಬಹುದು. ನಮಗೂ ಒಗ್ಗಿತ್ತು. ೧೯೮೧ರಲ್ಲಿ ಬ್ವೆನವೆಂತುರಾದ ಬಂದರುಕಟ್ಟೆಯಲ್ಲಿ ಅಮ್ಮ ಮತ್ತು ನಾನು ಮೂರು ಭಾನುವಾರ ಕಾದೆವು. ‘ಮುಂದಿನ ದೋಣಿಗೆ ಬರುತ್ತೇನೆ’ ಎಂದು ನೀವೇ ಹೇಳಿದ್ದಿರಿ. ಅಮ್ಮ ನೀಲಿ ಅಂಗಿ ಹಾಕುತ್ತಿದ್ದರು. ನಿಮಗೆಂದು ಬಾಳೆಕಾಯಿ ಸುಟ್ಟು, ಮೀನು ಹುರಿದು, ಎಲೆಯಲ್ಲಿ ಕಟ್ಟಿ ತರುತ್ತಿದ್ದರು. ಮೊದಲೆರಡು ವಾರ ಹಾಗೆಯೇ ಮನೆಗೆ ವಾಪಸು ತಂದೆವು. ಮೂರನೆಯ ಭಾನುವಾರ ಕಟ್ಟೆಯ ಮೇಲೇ ಬಿಚ್ಚಿ ಇಬ್ಬರೂ ತಿಂದೆವು. ನನಗೆ ಏಳು ವರ್ಷ. ತುಂಬಾ ರುಚಿಯಾಗಿತ್ತು ಎಂದು ನೆನಪಿದೆ, ಅದಕ್ಕೆ ಎಷ್ಟೋ ವರ್ಷ ನಾಚಿಕೆಯಾಗುತ್ತಿತ್ತು.

ಗಂಡನ್ನು ಕಳುಹಿಸಿ. ಆಗದಿದ್ದರೆ ಆಗದು ಎಂದು ಬರೆಯಿರಿ. ಮುಂದಿನ ದೋಣಿ ಎಂದು ಮಾತ್ರ ಬರೆಯಬೇಡಿ.

ದೆಯಾನಿರಾ


ಪುಂತಾ ಮಾನ್ಸಾ
೩ ಆಗಸ್ಟ್ ೨೦೦೩

ದೆಯಾನಿರಾ, ನನ್ನ ಮಗಳೇ,

ಇದನ್ನು ನಿನ್ನ ಅಪ್ಪನಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ನಿನ್ನ ಜೂನ್ ಪತ್ರವನ್ನು ಅವನು ತಾನೇ ಓದಿದ, ನನ್ನ ಕೈಗೆ ಕೊಡಲಿಲ್ಲ. ಉತ್ತರ ಬರೆಸು ಎಂದರೆ ನಾಳೆ ಎನ್ನುತ್ತಾನೆ. ಐದು ವಾರದ ನಾಳೆ. ಕಡೆಗೆ ಅವನು ಕಾಡಿಗೆ ಹೋದಾಗ ಜೇಬಿನಿಂದ ತೆಗೆದು ಓದಿದೆ. ದೇವರು ಕ್ಷಮಿಸಲಿ, ಅಂಗಿ ಒಗೆಯಲು ಕೊಟ್ಟವನೇ ಅವನು.

ನಿನ್ನ ಶೀಷೆಯಲ್ಲಿ ಇಲ್ಲದ ಗಂಡು ಎಲ್ಲಿದೆ ಎಂದು ನನಗೆ ಗೊತ್ತು.

ನೀನು ಹುಟ್ಟಿದಾಗ ಆ ಪರದೇಶಿ ಪ್ರೊಫೆಸರ್ ನಮ್ಮ ಊರಿನಲ್ಲೇ ಇದ್ದ. ನಿನ್ನ ಹೊಕ್ಕುಳಬಳ್ಳಿ ಉದುರಿದ ದಿನ, ಗಾಯಕ್ಕೆ ಏನು ಪುಡಿ ಇಡಲಿ ಎಂದು ನಿನ್ನ ಅಪ್ಪನನ್ನು ಕೇಳಿದೆ. ಇಲ್ಲಿ ಎಲ್ಲರಿಗೂ ಇಡುತ್ತೇವೆ, ನಿನಗೆ ನೆನಪಿರಬೇಕು. ನಿಕಾನೋರ್‌ಗೆ ಕೊಂಗಾ ಇರುವೆಯ ಪುಡಿ, ಧೈರ್ಯಕ್ಕೆ. ನನ್ನ ತಮ್ಮನಿಗೆ ಕರಡಿ ಉಗುರು, ಬಲಕ್ಕೆ. ಹೊಕ್ಕುಳಿಗೆ ಹೋದದ್ದರ ಗುಣ ಮಗುವಿಗೆ ಬರುತ್ತದೆ. ನಿನ್ನ ಅಪ್ಪ ಎದ್ದು ಹೊರಗೆ ಹೋದ. ಬರುವಾಗ ಮುಷ್ಟಿಯಲ್ಲಿ ಬಾಣಂತಿ ಹುಳ ಹಿಡಿದು ತಂದ. ಪ್ರೊಫೆಸರನಿಗೆಂದು ಗುರುತಿಟ್ಟ ಗೂಡಿನಿಂದಲೇ.

“ಇದೇನಯ್ಯಾ?” ಎಂದೆ.

“ಮನೆ ಬಿಟ್ಟು ಹೋಗದ ಪ್ರಾಣಿ ಇದೊಂದೇ, ಕೊಮಾದ್ರೆ. ಮಳೆ ಬರ್ಲಿ, ಇರುವೆ ಬರ್ಲಿ, ಕೂತಲ್ಲೇ ಕೂತಿರುತ್ತೆ. ನನ್ನ ಮಗಳು ಈ ನದಿ ಬಿಟ್ಟು ಹೋಗಬಾರ್ದು.”

ಒಲೆಯ ಮೇಲೆ ಹುರಿದೆ, ಬಸವನಹುಳದ ಚಿಪ್ಪಿನಲ್ಲಿ ಅವನೇ ಪುಡಿ ಮಾಡಿಕೊಟ್ಟ, ನಾನು ಇಟ್ಟೆ. ಪ್ರೊಫೆಸರ್ ಕೇಳಿದಾಗ, “ಕಳೆದುಹೋಯಿತು ಸ್ವಾಮಿ,” ಎಂದ. ಆ ಮನುಷ್ಯ ಅವನನ್ನು ಬೈದು ಮರುದಿನವೇ ಕೆಲಸದಿಂದ ಬಿಡಿಸಿದ.

ಅದು ತಾಯಿ ಎಂದೇ ನಾವೆಲ್ಲ ತಿಳಿದಿದ್ದೆವು. ತಂದೆ ಎಂದು ನೀನು ಬರೆದ ಮೇಲೆ ಗೊತ್ತಾಯಿತು.

ಇನ್ನು ೧೯೮೧. ನಿನ್ನ ಅಮ್ಮನಿಗೆ ನಿನ್ನನ್ನು ಓದಿಸಬೇಕಿತ್ತು, ಇಲ್ಲಿ ಮೂರನೆಯ ತರಗತಿಯ ಮೇಲೆ ಶಾಲೆಯಿರಲಿಲ್ಲ. ನೀವಿಬ್ಬರೂ ಮುಂದಾಗಿ ಬ್ವೆನವೆಂತುರಾಕ್ಕೆ ಹೋಗಿ ಎಂಟು ದಿನಕ್ಕೆ ಅವನು ತಗಡಿನ ಪೆಟ್ಟಿಗೆಗೆ ಬಟ್ಟೆ ತುಂಬಿದ, ಮೂರು ವಾರ ಮೂರು ದೋಣಿಗೂ ಅದನ್ನು ದಂಡೆಗೆ ಹೊತ್ತು ತಂದ. ಮೂರೂ ಬಾರಿ ಅದರ ಮೇಲೆ ಕೂತ. ದೋಣಿಯವರು ಕರೆದರು. ಏಳಲಿಲ್ಲ. ದೋಣಿ ಹೋಯಿತು. ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಪೆಟ್ಟಿಗೆ ಇನ್ನೂ ಬಟ್ಟೆ ತುಂಬಿಕೊಂಡೇ ಅವನ ಬಾಗಿಲ ಹಿಂದೆ ಇದೆ.

ನಾನು ಅವನಿಗೆ ತಮಾಷೆ ಮಾಡುವುದುಂಟು: “ಮಗುವಿನ ಹೊಕ್ಕುಳಿಗೆ ಹೋದದ್ದು ಚಿಟಿಕೆ, ಉಳಿದ ಪುಡಿಯೆಲ್ಲ ನಿನ್ನ ಕೈಗೇ ಅಂಟಿತ್ತಲ್ಲೋ ಪುಣ್ಯಾತ್ಮ. ಅದಕ್ಕೇ ಮಗು ದೋಣಿ ಹತ್ತಿತು, ನೀನು ಹತ್ತಲಿಲ್ಲ.” ಮೊದಲೆಲ್ಲ ನಗುತ್ತಿದ್ದ. ಈ ವರ್ಷ ಹೇಳಿದಾಗ ಎದ್ದುಹೋದ.

ನಿನ್ನ ಜ್ಞಾನತಾಯಿ
ಫಿದೆಲಿನಾ


ಕಾಲಿ ನಗರ
೩೦ ಆಗಸ್ಟ್ ೨೦೦೩

ಅಪ್ಪನಿಗೆ,

ಜ್ಞಾನತಾಯಿ ಬರೆದರು. ಅವರನ್ನು ಬೈಯಬೇಡಿ.

ಗಂಡನ್ನು ಕಳುಹಿಸಿ ಎಂದು ಇನ್ನು ಕೇಳುವುದಿಲ್ಲ. ಈ ಲೇಖನ ಕೈಬಿಡುವುದಾದರೆ ಕೈಬಿಡುತ್ತೇನೆ. ನಿಮ್ಮನ್ನು ಕೇಳಬೇಕಾದದ್ದು ಒಂದೇ, ಅದು ಯಾವ ದಾಖಲೆಗೂ ಅಲ್ಲ. ಮೂರು ಬಾರಿ ಪೆಟ್ಟಿಗೆ ಹೊತ್ತು ತಂದವರು ದೋಣಿ ಯಾಕೆ ಹತ್ತಲಿಲ್ಲ?

ಕಾರಣ ಚಿಕ್ಕದಿದ್ದರೂ ಪರವಾಗಿಲ್ಲ.

ದೆಯಾನಿರಾ


ಪುಂತಾ ಮಾನ್ಸಾ
೨೫ ಸೆಪ್ಟೆಂಬರ್ ೨೦೦೩

ಮಗಳೇ,

ಈ ಪತ್ರದಲ್ಲಿ ಕೊಮಾದ್ರೆ ತನ್ನ ಮಾತು ಸೇರಿಸಕೂಡದು ಎಂದು ಹೇಳಿ ಬರೆಸುತ್ತಿದ್ದೇನೆ.

ಕಾರಣ ಹುಡುಕಿದೆ. ಒಂದು ತಿಂಗಳು ಅದೇ ಕೆಲಸ ಮಾಡಿದೆ. ಸಿಗಲಿಲ್ಲ. ಹೆದರಿಕೆ ಎಂದು ಬರೆಯಬಹುದು, ಆದರೆ ಯಾವುದಕ್ಕೆ ಎಂದು ಕೇಳಿದರೆ ಹೇಳಲಾರೆ. ನಗರದಲ್ಲಿ ನದಿಯಿಲ್ಲ, ದೋಣಿ ಕೆತ್ತುವವನಿಗೆ ಅಲ್ಲಿ ಏನು ಕೆಲಸ, ನಿನ್ನ ಅಮ್ಮನ ಮನೆಯಲ್ಲಿ ಕೂತು ಉಣ್ಣುವವನಾಗುತ್ತೇನೆ ಎಂದೆಲ್ಲ ಆಗ ಅನಿಸಿತ್ತು. ಅದರಲ್ಲಿ ಯಾವುದೂ ಒಂದು ಮಗುವನ್ನು ಕಟ್ಟೆಯ ಮೇಲೆ ಕೂರಿಸುವಷ್ಟು ದೊಡ್ಡದಲ್ಲ. ಮೊದಲ ದೋಣಿ ಬಿಟ್ಟೆ. ಬಿಟ್ಟದ್ದಕ್ಕೆ ನಾಚಿಕೆಯಾಗಿ ಎರಡನೆಯದು ಬಿಟ್ಟೆ. ಮೂರನೆಯದು ಬರುವ ಹೊತ್ತಿಗೆ ನಿಮ್ಮ ಮುಖ ಹೇಗೆ ನೋಡಲಿ ಎಂಬುದೊಂದೇ ಇತ್ತು. ಆಮೇಲೆ ವರ್ಷಗಳಾದವು. ಎರಡು ಸಲ ಒಣಮೀನು ಕಳುಹಿಸಿದೆ. ಮುಟ್ಟಿತೋ ಇಲ್ಲವೋ.

ನೀನು ಆ ಹುಳವನ್ನು ನೋಡಿ ನನ್ನನ್ನು ನೆನೆಯುತ್ತಿದ್ದರೆ ಬೇಡ. ಊರಿನವರೂ ಹಾಗೆ ಹೇಳಿ ನಗುತ್ತಾರೆ. ಅದು ಕೂತಿರುವುದು ಮೊಟ್ಟೆಗಳ ಜೊತೆ. ನಾನು ಕೂತದ್ದು ಖಾಲಿ ಮನೆಯಲ್ಲಿ. ಅದರ ಹೆಸರು ನನಗೂ ಬೇಡ, ನನ್ನ ಹೆಸರು ಅದಕ್ಕೂ ಬೇಡ.

೧೯೭೪ರಲ್ಲಿ ಅದನ್ನು ತೆಗೆದ ಮರುದಿನ ಆ ಗೂಡಿಗೆ ಹೋಗಿದ್ದೆ. ಇರುವೆ ಎಲ್ಲವನ್ನೂ ಹೊತ್ತುಕೊಂಡು ಹೋಗಿತ್ತು. ಒಂದೂ ಉಳಿದಿರಲಿಲ್ಲ. ಆಗ ಹುಳವಲ್ಲವೇ ಎಂದುಕೊಂಡೆ. ಅದಕ್ಕೇ ಈ ಸಲ ಶೀಷೆಯನ್ನು ವಾಪಸು ತಂದದ್ದು. ನಿನ್ನ ವಿದ್ಯೆಗೆ ಅಡ್ಡ ಬರಬೇಕೆಂದಲ್ಲ.

ನೀನು ಹೇಳಿದಂತೆಯೇ ಹೆಣ್ಣುಗಳು ಬಂದವು, ಐದು. ಹೋದ ವಾರ ಕೊನೆಯ ಮೊಟ್ಟೆಗಳು ಒಡೆದವು. ಮರಿಗಳು ಎರಡು ದಿನ ಗೂಡಿನಲ್ಲೇ ಇದ್ದು ಚದುರಿದವು. ಗಂಡು ಎದ್ದುಹೋಗಲಿಲ್ಲ. ಖಾಲಿ ಗೂಡಿನ ಅಂಚು ಸರಿಪಡಿಸುತ್ತಿತ್ತು. ಶುಕ್ರವಾರ ನೋಡಿದಾಗ ಹಾಗೇ ಕೂತಿತ್ತು. ಶನಿವಾರವೂ. ಭಾನುವಾರ ಕಡ್ಡಿಯಿಂದ ಮುಟ್ಟಿದೆ, ಕದಲಲಿಲ್ಲ. ಇರುವೆಗಿಂತ ಮೊದಲು ನಾನು ತೆಗೆದುಕೊಂಡೆ.

ಕಳುಹಿಸಿದ್ದೇನೆ. ಒಂದು ಕಾಲು ಮೊದಲೇ ಇರಲಿಲ್ಲ. ಇಲ್ಲಿ ಸ್ಪಿರಿಟ್ ಸಿಗಲಿಲ್ಲ, ಕಬ್ಬಿನ ಸಾರಾಯಿಯಲ್ಲಿ ಇಟ್ಟಿದ್ದೇನೆ, ಕೊಮಾದ್ರೆ ಬಾಣಂತಿಯರಿಗೆ ಕೊಡುವ ಒಳ್ಳೆಯ ವಿಚೆ. ಗೂಡನ್ನು ತೊಗಟೆಸಮೇತ ಕುಯ್ದು ಹತ್ತಿಯಲ್ಲಿ ಸುತ್ತಿದ್ದೇನೆ. ಚಾಚಾಹೊ ದಿಮ್ಮಿ ಉದ್ದಕ್ಕೂ ಸೀಳಿತು. ಇರಲಿ. ನಿಕಾನೋರ್‌ಗೆ ಬೇರೆ ಮರ ಕಡಿಯುತ್ತೇನೆ.

ತಡವಾಯಿತು ಎಂದು ಗೊತ್ತು.

ಸತುರ್ನಿನೊ


ಕಾಲಿ ನಗರ
೧೮ ನವೆಂಬರ್ ೨೦೦೩

ಅಪ್ಪಾ,

ಶೀಷೆ ಅಕ್ಟೋಬರ್ ಒಂಬತ್ತರಂದು ಮುಟ್ಟಿತು. ನಮ್ಮ ಮುಖ್ಯಸ್ಥೆ ಬಿರಟೆ ತೆಗೆದು ಮೂಸಿ, “ಇದನ್ನ ಹುಳಕ್ಕೆ ಹಾಕಿ ಹಾಳು ಮಾಡಿದ್ರಲ್ಲ, ಅರ್ಧ ಗ್ಲಾಸಾದ್ರೂ ಬೇರೆ ಕಳಿಸಬಾರ್ದಿತ್ತಾ ನಿಮ್ಮಪ್ಪ?” ಎಂದರು. ಸಾರಾಯಿ ಸ್ವಲ್ಪ ತೆಳುವಾಯಿತು, ಒಳಗಿನ ಪರೀಕ್ಷೆಗಳಿಗೆ ಆಗಲಿಲ್ಲ. ಆದರೆ ರೂಪ ಚೆನ್ನಾಗಿ ಉಳಿದಿತ್ತು. ಏಳು ಕಾಲು ಸಾಕು. ಪತ್ರಿಕೆಯವರು ಇಪ್ಪತ್ತು ದಿನ ಕಾದರು.

ಉತ್ತರ ಸಿಕ್ಕಿತು. ಪನಾಮದ ನೆಂಟ, ಬೆಟ್ಟದ ನೆಂಟ, ಇವೆರಡೂ ಕವಲೊಡೆಯುವುದಕ್ಕೆ ಮೊದಲೇ ನಮ್ಮದು ಬೇರೆಯಾಗಿದೆ. ನಮ್ಮಲ್ಲೂ ಗೂಡಿದೆ, ಪನಾಮದಲ್ಲೂ ಇದೆ. ಅಂದರೆ ಗೂಡು ಎಲ್ಲಕ್ಕಿಂತ ಹಳೆಯದು, ಹಿರಿಯನಿಂದಲೇ ಬಂದದ್ದು. ಬೆಟ್ಟಕ್ಕೆ ಹೋದವು ಆಮೇಲೆ ಯಾವಾಗಲೋ ಕಟ್ಟುವುದನ್ನು ಬಿಟ್ಟವು. ಕಟ್ಟುವುದನ್ನು ಬಿಟ್ಟಂಥವೂ ಕಾಯುವುದನ್ನು ಬಿಡಲಿಲ್ಲ. ಹೀಗಿರಬಹುದೆಂದು ಬರೆದಿದ್ದೇನೆ, ಇಂಥ ವಿಷಯದಲ್ಲಿ ‘ಇರಬಹುದು’ ಎಂದೇ ಬರೆಯಬೇಕು.

ನಿನ್ನ ಹೆಸರನ್ನು ಅದಕ್ಕೆ ಇಟ್ಟಿಲ್ಲ. ಬೇಡ ಎಂದೆಯಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಬಾಣಂತಿ’ ಎಂದೇ ಇಟ್ಟೆ. ಗಂಡೇ ಮೊಟ್ಟೆ ಕಾಯುವ ಜಾತಿಗೆ ಆ ಹೆಸರೇ ಎಂದು ಇಲ್ಲಿ ನಕ್ಕರು. ಊರಿನ ತಪ್ಪು ಊರಿನದೇ ಆಗಿ ಉಳಿಯಲಿ ಎಂದೆ.

ಇನ್ನೊಂದು ಕೆಲಸ ಬಾಕಿಯಿತ್ತು. ೪೪೧೭ನೇ ಶೀಷೆಯ ದಾಖಲೆ. ‘ಸಹಾಯಕನ ಕೈಯಲ್ಲಿ ಕಳೆದುಹೋಯಿತು’ ಎಂಬುದು ಸುಳ್ಳೆಂದು ಗೊತ್ತಿದ್ದೂ ಬಿಡುವಂತಿಲ್ಲ. ಕೆಳಗೆ ನನ್ನ ಕೈಯಿಂದ ಬರೆದೆ: ‘ಗಂಡು ಒಂದು, ನವೆಂಬರ್ ೧೯೭೪. ಕಳೆದಿಲ್ಲ. ಹುರಿದು, ಪುಡಿಮಾಡಿ, ಈ ಸಾಲು ಬರೆಯುತ್ತಿರುವವಳ ಹೊಕ್ಕುಳಿಗೆ ಇಡಲಾಗಿದೆ.’ ಮುಖ್ಯಸ್ಥೆ ಓದಿ, “ಇದೇನಮ್ಮಾ, ತಮಾಷೆನಾ?” ಎಂದರು. ಅಲ್ಲ, ಮಾದರಿ ಎಲ್ಲಿದೆ ಎಂದು ಬರೆಯುವುದು ನಿಯಮ ಎಂದೆ. ಅವರು ಸಹಿ ಹಾಕಿದರು.

ಒಣಮೀನು ಎರಡು ಸಲವೂ ಮುಟ್ಟಿತ್ತು. ಅಮ್ಮ ಪಕ್ಕದ ಮನೆಗೆ ಕೊಟ್ಟರು. ಕೊಟ್ಟ ಮೇಲೆ ಮೀನು ಸುತ್ತಿ ಬಂದಿದ್ದ ಕಾಗದವನ್ನು ಮೂಸುತ್ತಾ ಅಡುಗೆಮನೆಯಲ್ಲಿ ನಿಂತಿದ್ದರು. ನನ್ನನ್ನು ನೋಡಿ ಒಲೆಗೆ ಹಾಕಿದರು.

ನನ್ನ ಕೆಲಸ ಇನ್ನೊಂದು ವರ್ಷಕ್ಕೆ ಮುಂದುವರಿದಿದೆ. ಡಿಸೆಂಬರಿನಲ್ಲಿ ಎರಡು ವಾರ ರಜೆ. ಹದಿನೆಂಟನೆಯ ತಾರೀಕು, ಗುರುವಾರ, ಪುಂತಾ ಮಾನ್ಸಾಕ್ಕೆ ಬರುವ ಸರಕು ದೋಣಿಯಲ್ಲಿ ಒಂದು ಜಾಗ ಹೇಳಿದ್ದೇನೆ. ಶೀಷೆಗಳನ್ನು ತರುವುದಿಲ್ಲ.

ನಿನ್ನ ದೆಯಾನಿರಾ


ಪುಂತಾ ಮಾನ್ಸಾ
೭ ಡಿಸೆಂಬರ್

ಮಗಳೇ

ಇದು ನನ್ನ ಕೈ. ಕೊಮಾದ್ರೆಯನ್ನು ಕೇಳಿದೆ. ಇದೊಂದನ್ನು ನೀನೇ ಬರಿ ಮಾರಾಯ ಅಂದಳು. ಮೂರು ದಿನ ಆಯಿತು.

ಗುರುವಾರದ ದೋಣಿ ಉಬ್ಬರ ಚೆನ್ನಾಗಿದ್ದರೆ ಬುಧವಾರವೇ ಬರುತ್ತದೆ. ಒಮ್ಮೊಮ್ಮೆ ಶನಿವಾರಕ್ಕೆ ಹೋಗುತ್ತದೆ. ನೀನು ಹೆದರಬೇಡ. ನಾನು ಮಂಗಳವಾರದಿಂದಲೇ ದಂಡೆಯಲ್ಲಿ ಇರುತ್ತೇನೆ. ಬಾಳೆಕಾಯಿ ಸುಟ್ಟು ಮೀನು ಹುರಿದು ಎಲೆಯಲ್ಲಿ ಕಟ್ಟಿ ತರುತ್ತೇನೆ. ಆರಿದರೆ ಮಾರನೆ ದಿನ ಬೇರೆ ಮಾಡುತ್ತೇನೆ.

ಕೂರಲು ಪೆಟ್ಟಿಗೆ ಇದೆ.

ಅಪ್ಪ